ಕೆಂಚನ ಸಂಜೆಯ ತಟ್ಟೆ

ಹರದನಹಳ್ಳಿ
14 ನವೆಂಬರ್ 2024, ಗುರುವಾರ

ಪ್ರೀತಿಯ ಸಿದ್ಧಿ,

ಹೇಗಿದ್ದೀಯ ಮಗಳೇ? ಕೆಮ್ಮು ನಿಂತಿತೇ? ನಿಮ್ಮಮ್ಮ ಕಳಿಸಿದ ಕಷಾಯದ ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿ, ಗೆಳತಿಯರಿಗೆ ಹಂಚಿ ಮುಗಿಸಿಬಿಡಬೇಡ. ಇಲ್ಲಿ ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ನಿಮ್ಮಪ್ಪ ತೆಂಗಿನಕಾಯಿ ಲೋಡಿನ ಜೊತೆ ಚನ್ನರಾಯಪಟ್ಟಣ, ಬಾಗೂರು ಅಂತ ಓಡಾಡುತ್ತಿದ್ದಾನೆ. ನಿಮ್ಮ ಶಾಲೆಯಲ್ಲಿ ಫೋನು ಬಿಡುವುದಿಲ್ಲವೆಂದು ನಿನಗೆ ಬೇಸರ, ನನಗೆ ಅದೇ ಅನುಕೂಲ. ಕೆಲವು ಮಾತು ಬರೆದೇ ಹೇಳಬೇಕು.

ಮೂರು ಕಾಗದದಲ್ಲೂ ನೀನು ಕೇಳಿದ್ದು ಒಂದೇ, ಕೆಂಚ ಊಟ ಮಾಡುತ್ತಾ ಅಂತ. ಮಾಡುತ್ತೆ ಅಂತ ಮೂರು ಸಲವೂ ಬರೆದೆ. ಅದು ಸುಳ್ಳು. ನೀನು ಹಾಸ್ಟೆಲಿಗೆ ಹೋದ ಮೇಲೆ ನಿನ್ನ ಮುದ್ದಿನ ನಾಯಿ ತಟ್ಟೆ ಮೂಸಿ ಮುಖ ತಿರುಗಿಸುವುದೇ ಆಯಿತು. ನಿಮ್ಮಮ್ಮ ಮುದ್ದೆಗೆ ಹಾಲು ಕಲಸಿದಳು, ಅನ್ನಕ್ಕೆ ತುಪ್ಪ ಹಾಕಿದಳು, ಕೊನೆಗೆ ಬಿಸ್ಕತ್ತು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಸುತ್ತಿದಳು. ಬಿಸ್ಕತ್ತು ತಿಂದು ಅನ್ನ ಬಿಟ್ಟ. ದಸರಾ ಹೊತ್ತಿಗೆ ಪಕ್ಕೆಲುಬು ಎಣಿಸುವ ಹಾಗಾಗಿತ್ತು. ಹೊಳೆನರಸೀಪುರದ ದನದಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಮೋಹನ್‌ಕುಮಾರ್ ತೂಕ ನೋಡಿದರು, ಹನ್ನೊಂದು ಕೆಜಿ. ಹದಿನಾರಾದರೂ ಇರಬೇಕಿತ್ತಂತೆ. ಹಲ್ಲು, ಹೊಟ್ಟೆ, ರಕ್ತ ಎಲ್ಲ ನೋಡಿ ಜಂತುಹುಳದ ಮಾತ್ರೆ ಕೊಟ್ಟರು. ರೋಗವೇನೂ ಇಲ್ಲ, ನೀವೇ ದಿನಕ್ಕೆ ಹತ್ತು ಸಲ ಕರೆದು ಕೆಡಿಸಿದ್ದೀರಿ ಅಂದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಉಗುರು ಬೆಚ್ಚಗೆ ಬಡಿಸಿ. ಕಾಲು ಗಂಟೆಯಲ್ಲಿ ತಿನ್ನದಿದ್ದರೆ ಸುಮ್ಮನೆ ಎತ್ತಿಟ್ಟುಬಿಡಿ. ನಡುವೆ ಒಂದು ಚೂರು ಬಿಸ್ಕತ್ತೂ ಬೇಡ. ಒಂದು ಮೊಟ್ಟೆ ಹಾಕಿ. ಮೊಟ್ಟೆ ನಮ್ಮ ಹೊಸಿಲು ದಾಟುವುದಿಲ್ಲ ಅಂದೆ. ನಕ್ಕು, ಹಾಗಾದರೆ ಹೆಸರುಬೇಳೆ ಚೆನ್ನಾಗಿ ಬೇಯಿಸಿ, ಮೊಸರು ಪನೀರು ಸೇರಿಸಿ, ಆದರೆ ತಿಂಗಳಿಗೊಮ್ಮೆ ತಂದು ತೂಕ ಹಾಕಿಸಿ ಅಂದರು.

ಹಾಗೇ ಮಾಡಿದೆವು. ಎರಡು ದಿನ ಹಟ ಮಾಡಿದ, ಮೂರನೇ ಬೆಳಿಗ್ಗೆ ತಟ್ಟೆ ನೆಕ್ಕಿಟ್ಟ. ಆದರೆ ಸಂಜೆಯದು ಮುಟ್ಟುತ್ತಿರಲಿಲ್ಲ. ನಮ್ಮ ಊಟ ಹೊತ್ತು ಮುಳುಗುವ ಮುಂಚೆ ಆಗುತ್ತದಲ್ಲ, ಅದೇ ಹೊತ್ತಿಗೆ ಅವನಿಗೂ ಹಿತ್ತಿಲಲ್ಲಿ ಇಡುತ್ತಿದ್ದೆ. ಗೋಡೆಗೆ ಬೆನ್ನು ಕೊಟ್ಟು ನಿಂತು ಕಬ್ಬಿನ ಗದ್ದೆಯನ್ನೇ ನೋಡುತ್ತಿದ್ದ. ಬೊಗಳುತ್ತಿರಲಿಲ್ಲ. ಬಾಯಲ್ಲಿ ನೀರು ಸುರಿಯುತ್ತಿದ್ದರೂ ತಟ್ಟೆಗೆ ಬಾಯಿ ಹಾಕುತ್ತಿರಲಿಲ್ಲ. ಕೊಬ್ಬು ಅಂದುಕೊಂಡು ನಾನು ಒಂದು ವಾರ ತಟ್ಟೆ ಎತ್ತಿ ಎತ್ತಿ ಇಟ್ಟೆ. ಕಂಡುಹಿಡಿದದ್ದು ನಿಮ್ಮಮ್ಮ. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಮಾವ, ಅದಕ್ಕೆ ಹಸಿವಿಲ್ಲ ಅಂತಲ್ಲ. ತಲೆ ಬಗ್ಗಿಸೋಕೇ ಎದರ್ತಾ ಐತೆ," ಅಂದಳು. ತಟ್ಟೆ ನಡುಮನೆಗೆ ತಂದು ಬಾಗಿಲು ಹಾಕಿದಳು. ನಿಮಿಷದಲ್ಲಿ ಖಾಲಿ.

ಅಂದಿನಿಂದ ಎರಡು ಹೊತ್ತೂ ತಿನ್ನುತ್ತಾನೆ. ಹೋದ ಸೋಮವಾರ ಹದಿನಾಲ್ಕು ಕೆಜಿ ಆದ. ಬೆನ್ನ ಮೇಲೆ ಕೂದಲು ಮಿಂಚುತ್ತಿದೆ. ಆದರೆ ಅವನು ಯಾಕೆ ಹೆದರುತ್ತಿದ್ದ ಅನ್ನುವುದೂ ಆ ಸೋಮವಾರವೇ ಗೊತ್ತಾಯಿತು. ಪಕ್ಕದ ನಟರಾಜುವಿನ ಕರು ಕಾಣೆಯಾಗಿ, ಹುಡುಕುತ್ತಾ ನಮ್ಮ ಹಿತ್ತಿಲಿಗೆ ಬಂದ. ನಾನು ದಿನಾ ತಟ್ಟೆ ಇಡುತ್ತಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಕಬ್ಬು ಮಲಗಿಹೋಗಿತ್ತು, ಯಾವುದೋ ಪ್ರಾಣಿ ಬಹಳ ದಿನದಿಂದ ಕೂತೆದ್ದ ಹಾಗೆ. ಮಣ್ಣಲ್ಲಿ ನನ್ನ ಅಂಗೈಯಷ್ಟು ಹೆಜ್ಜೆ. ಚಿರತೆ. ದಿನಾ ಸಂಜೆ ನಾನು ಅದಕ್ಕೆ ಬೆನ್ನು ಮಾಡಿ ಬಗ್ಗಿ ತಟ್ಟೆ ಇಟ್ಟು ಬರುತ್ತಿದ್ದೆ. ಮಂಗಳವಾರ ಅರಣ್ಯ ಇಲಾಖೆಯವರ ಬೋನು ಬಂದಿದೆ, ಗದ್ದೆಯಂಚಿಗೆ ಇಟ್ಟಿದ್ದಾರೆ. ಮಿಕ್ಕದ್ದನ್ನು ನಿಮ್ಮಪ್ಪ ಬಂದಾಗ ಹೇಳುತ್ತಾನೆ.

ಚೆನ್ನಾಗಿ ಓದು, ಹೊಟ್ಟೆ ತುಂಬ ಉಣ್ಣು. ಭಗವಾನ್ ಜಿನೇಶ್ವರ ನಿನ್ನನ್ನು ಕಾಯಲಿ.

ನಿನ್ನ ತಾತ,
ನೇಮಿರಾಜಯ್ಯ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿಮ್ಮಪ್ಪನಿಗೂ ಗೊತ್ತಿಲ್ಲದ್ದು ಇದು. ಬೋನಿನೊಳಗೆ ಕಟ್ಟಲು ಒಂದು ಜೀವ ಬೇಕಿತ್ತು. ನಟರಾಜು ಬಂದು, "ಅಯ್ಯಾ, ನಿಮ್ ನಾಯಿ ಈಗ ಮೈ ತುಂಬ್ಕಂಡೈತೆ. ಅಡ್ಡ ಕಂಬಿ ಇರ್ತದೆ, ಚಿರತೆ ಮುಟ್ಟಕ್ಕಾಗಕಿಲ್ಲ. ನಮ್ ರಂಜಿತಾ ಜಗಲೀಲಿ ಆಡೋ ಮಗು," ಅಂದ. ಮೊಟ್ಟೆ ಬೇಡವೆಂದ ಇದೇ ಬಾಯಲ್ಲಿ ಆಗಲಿ ಅಂದುಬಿಟ್ಟೆ. ನಿನ್ನೆ ಸಂಜೆ ಐದಕ್ಕೆ ನಾನೇ ಕೆಂಚನನ್ನು ಕರೆದುಕೊಂಡು ಹೋಗಿ ಬೋನಿನೊಳಗೆ ತಟ್ಟೆ ಇಟ್ಟೆ. ಸಂಜೆ ಹೊತ್ತು ಹೊರಗೆ ಎಂದೂ ತಿನ್ನದವನು, ನಾನು ಪಕ್ಕದಲ್ಲಿದ್ದೇನೆಂದು ತಲೆ ಬಗ್ಗಿಸಿ ತಿಂದ. ಬಾಗಿಲು ಎಳೆಯಲು ನನ್ನ ಕೈ ಬರಲಿಲ್ಲ. ವಾಪಸು ಕರೆತಂದೆ. ನಟರಾಜು ಅದನ್ನು ನೋಡಿ ಮನೆ ಕಡೆ ತಿರುಗಿ ಹೋದ. ಬೋನು ಖಾಲಿ ಉಳಿಯಿತು. ಇವತ್ತು ಬೆಳಿಗ್ಗೆ ಅವನೇ ಕರೆದು ತನ್ನ ಮನೆ ಜಗಲಿಯ ಮುಂದಿನ ಮರಳಿನ ಗುಡ್ಡೆ ತೋರಿಸಿದ. ರಂಜಿತಾಳ ಪುಟ್ಟ ಹೆಜ್ಜೆಗಳ ಮೇಲೆ ಚಿರತೆಯ ಹೆಜ್ಜೆ ಬಿದ್ದಿದೆ. "ನೋಡ್ಕಳಿ ಅಯ್ಯಾ," ಅಂದ, ಅಷ್ಟೇ. ಆ ಮಗುವಿಗೆ ಏನಾದರೂ ಆದರೆ ಅದು ನನ್ನ ತಲೆಗೇ. ನಿನಗೆ ಇಪ್ಪತ್ಮೂರನೇ ತಾರೀಕು ರಜೆ ಅಂದಿದ್ದೆಯಲ್ಲ, ಊರ ಗೇಟಿನಲ್ಲಿ ಇಳಿದು ಗದ್ದೆ ದಾರಿಯಲ್ಲಿ ನಡೆದು ಬರಬೇಡ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲೇ ಕೂತಿರು. ಅಪ್ಪ ಎಷ್ಟು ತಡ ಮಾಡಿದರೂ ಅಲ್ಲಿಂದ ಏಳಬೇಡ.