ಕೆಂಪು ಟೇಪಿನ ಕಾರ್ಡು

ಸ್ಟುಡಿಯೋ, ಎರಡನೇ ಮಹಡಿ
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ವ್ಯಾಯಾಮ ಬಿಟ್ಟು ಟೀವಿ ಮುಂದೆ ಕೂತು, ಲೈಟಿಂಗ್ ಸರಿಯಿಲ್ಲ ಎಂದು ಬೈಯುತ್ತಿರುತ್ತೀರಂತೆ, ಅಕ್ಕನ ದೂರು. ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುತ್ತದೆ, ಪೂರ್ತಿ ಕೇಳಿಸುವುದು ಅಕ್ಕನಿಗೆ. ಅದಕ್ಕೇ ಈ ಪತ್ರ. ಆ ಕಡೆ ಹೊರಟಿರುವ ನಮ್ಮ ವ್ಯಾನಿನ ಡ್ರೈವರ್ ತಂದುಕೊಡುತ್ತಾರೆ.

ನಿಮ್ಮ ಕಾಲದಲ್ಲಿ ಒಂದು ದಿನದ ಶೂಟಿಂಗ್ ಎಂದರೆ ಹೊರಲಾರದಷ್ಟು ಫಿಲ್ಮ್ ಡಬ್ಬಿ. ಈಗ ಅಂಗೈಯಲ್ಲಿ ಹಿಡಿಸುವ ಎರಡು ಮೆಮೊರಿ ಕಾರ್ಡು. ನೀವು ಬೆಳಕು ತಾಗದಂತೆ ಕಪ್ಪು ಚೀಲದೊಳಗೆ ಕೈ ತೂರಿಸಿ, ಕಣ್ಣಿಗೆ ಕಾಣದೆಯೇ ಕ್ಯಾಮೆರಾಕ್ಕೆ ಫಿಲ್ಮ್ ತುಂಬುತ್ತಿದ್ದಿರಿ; ನಾನು ಬೆಳಕಲ್ಲೇ ಕೂತು ಕಾರ್ಡಿನಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡುತ್ತೇನೆ. ನಕಲಾದ ಕಾರ್ಡನ್ನು ಅಳಿಸಿ ಮತ್ತೆ ಬಳಸುತ್ತೇವೆ. ಆಗ ಮೂರನೇ ಟೇಕಿಗೇ ಎಲ್ಲರ ಮುಖ ಗಂಟಾಗುತ್ತಿತ್ತು, ಈಗ ಇಪ್ಪತ್ತಾದರೂ ಕೇಳುವವರಿಲ್ಲ. ಇಷ್ಟೆಲ್ಲ ಬದಲಾದರೂ ನಿಮ್ಮ ಕೆಂಪು ಟೇಪನ್ನು ನಾನು ಬಿಟ್ಟಿಲ್ಲ. ಡಬ್ಬಿಗೆ ಕೆಂಪು ಟೇಪ್ ಸುತ್ತಿದ್ದರೆ ಒಳಗೆ ಚಿತ್ರವಿದೆ, ಮುಟ್ಟಬೇಡ ಎಂದಲ್ಲವೇ? ಶೂಟ್ ಆದ ಕಾರ್ಡಿಗೂ ಹಾಗೇ ಅಂಟಿಸುತ್ತೇನೆ.

ಶನಿವಾರ ನೀವೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದ ಆ ಹಿರಿಯ ನಟಿ ಬಂದಿದ್ದರು. ಗಾಲಿಕುರ್ಚಿಯಲ್ಲಿ, ಒಂದೇ ದಿನಕ್ಕೆ. ನಾಲ್ಕು ನಿಮಿಷದ ದೃಶ್ಯ, ಒಂದೇ ಟೇಕ್. ಹೋಗುವಾಗ ನನ್ನ ಕೈ ಹಿಡಿದು, "ನಿಮ್ಮಪ್ಪ ಇನ್ನೂ ಮನೇಲಿರೋ ಡಬ್ಬಿಗೆಲ್ಲ ಟೇಪ್ ಸುತ್ತಾನಾ?" ಎಂದು ಕೇಳಿದರು. ಬೇರೆ ಕಾರ್ಡುಗಳ ನಕಲು ಇನ್ನೂ ಮುಗಿದಿರಲಿಲ್ಲ. ಸೋಮವಾರ ಮಾಡಿದರಾಯಿತು ಎಂದು ದೊಡ್ಡಮ್ಮನ ದೃಶ್ಯದ ಕಾರ್ಡಿಗೆ ಕೆಂಪು ಟೇಪ್ ಅಂಟಿಸಿ ಡ್ರಾಯರಿನಲ್ಲಿಟ್ಟು ಬಂದೆ. ಭಾನುವಾರ ನನ್ನ ರಜೆ. ಅಂದು ಕೆಲಸದಲ್ಲಿದ್ದವಳು ಹೊಸ ಜೊತೆಗಾತಿ, ಎರಡು ಮಕ್ಕಳ ತಾಯಿ. ಅವಳು ಮೊದಲಿದ್ದ ಕಡೆ ಕೆಂಪು ಟೇಪ್ ಎಂದರೆ ನಕಲಾಗಿದೆ, ಅಳಿಸಬಹುದು ಎಂದರ್ಥವಂತೆ. ಅಳಿಸಿ ಕ್ಯಾಮೆರಾಕ್ಕೆ ಕೊಟ್ಟಳು. ಈಗ ಆ ಕಾರ್ಡಿನ ತುಂಬ ರಸ್ತೆಯ ವಾಹನಗಳು. ಅಳಿಸಿದ್ದನ್ನು ಹೊರತೆಗೆಯುವ ತಂತ್ರಜ್ಞ ಎರಡು ಗಂಟೆ ತಡಕಾಡಿ ಕೈಚೆಲ್ಲಿದ. ದೊಡ್ಡಮ್ಮ ನಿನ್ನೆ ಆಸ್ಪತ್ರೆ ಸೇರಿದ್ದಾರೆ. ಮತ್ತೆ ಕರೆಸುವ ಮಾತೇ ಇಲ್ಲ.

ಅಪ್ಪಾ, ನೀವು ಹಿಂದೊಮ್ಮೆ ಮರೆತು ಬೆಳಕಲ್ಲಿ ಡಬ್ಬಿ ತೆರೆದು, ಶೂಟ್ ಆದ ಫಿಲ್ಮ್ ಹಾಳಾದದ್ದು ಪದೇ ಪದೇ ನೆನಪಾಗುತ್ತಿದೆ. ಯಾರೂ ನೋಡಿರಲಿಲ್ಲ. ಆದರೂ ನಿರ್ದೇಶಕರ ಬಳಿ ಹೋಗಿ, "ಸಾರ್, ತೆರೆದದ್ದು ನಾನು" ಎಂದಿರಿ, ಕೆಲಸ ಕಳೆದುಕೊಂಡು ಎಂಟು ತಿಂಗಳು ಮನೆಯಲ್ಲಿ ಕೂತಿರಿ. ಅಮ್ಮ ಬೈದದ್ದೂ ನೀವು ಅವರೆಕಾಯಿ ಸುಲಿಯುತ್ತಿದ್ದದ್ದೂ ಕಣ್ಣಿಗೆ ಕಟ್ಟಿದಂತಿದೆ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸಿ. ಮೆಟ್ಟಿಲು ಹತ್ತುವ ಸಾಹಸ ಬೇಡ.

ನಿಮ್ಮ
ಚಿಕ್ಕವಳು

ತಾ.ಕ.: ವ್ಯಾನ್ ಹಾರ್ನ್ ಹೊಡೆಯುತ್ತಿದೆ. ಮೊದಲೇ ಬರೆಯಬೇಕಾದದ್ದನ್ನು ಬರೆದಿಲ್ಲ. ಆ ಹೊಸ ಜೊತೆಗಾತಿ ಕೆಲಸಕ್ಕೆ ಸೇರಿದ ದಿನವೇ, "ಇಲ್ಲಿ ಟೇಪಿನ ಪದ್ಧತಿ ಹೇಗಕ್ಕಾ?" ಎಂದು ಕೇಳಿದ್ದಳು. "ಎಲ್ಲಾ ಕಡೆ ಹೇಗೋ ಇಲ್ಲೂ ಹಾಗೇ" ಅಂದುಬಿಟ್ಟಿದ್ದೆ. ಇದು ನಮ್ಮಿಬ್ಬರಿಗಷ್ಟೇ ಗೊತ್ತು. ನಿನ್ನೆ ನಿರ್ದೇಶಕರು ಎಲ್ಲರೆದುರು ಅವಳನ್ನು ಬೈದಾಗ ಅವಳು ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಇವತ್ತು ಮಧ್ಯಾಹ್ನ ಅವಳನ್ನು ಕೆಲಸದಿಂದ ತೆಗೆಯುತ್ತಾರಂತೆ. ಈ ಪತ್ರ ಕೊಟ್ಟವಳೇ ನಿರ್ದೇಶಕರ ಕೋಣೆಗೆ ಹೋಗುತ್ತೇನೆ. ಶುಕ್ರವಾರ ನಿಮ್ಮನ್ನು ನೋಡಲು ಬಂದರೂ ಬಂದೇನು. ಇದ್ದಕ್ಕಿದ್ದ ಹಾಗೆ ಇಷ್ಟು ರಜೆ ಹೇಗೆ ಸಿಕ್ಕಿತು ಎಂದು ಅಕ್ಕ ಕೇಳಿದರೆ, ನೀವೇ ಹೇಳಿಬಿಡಿ.