ಮೊಜಾಂಬಿಕ್ ಮುದ್ರೆ

ಸಾಲಿಸ್‌ಬರಿ, ರೊಡೇಷ್ಯಾ, 1973

ಲಂಡನ್ನಿನಲ್ಲಿರೋ ಚಿಕ್ಕಪ್ಪನಿಗೆ,

ನಿಮ್ಮ ಕಾಗದ ಬಂತು. ಇನ್ನೊಂದು ವರ್ಷ ತಡ್ಕೋ, ಲೋಕವೆಲ್ಲ ವ್ಯಾಪಾರ ನಿರ್ಬಂಧ ಹಾಕಿದೆ, ಇವರ ತಂಬಾಕು ಯಾರೂ ಕೊಳ್ಳಲ್ಲ, ಬಿಳಿಯರ ಸರ್ಕಾರ ತಾನಾಗೇ ಬೀಳ್ತದೆ ಅಂದಿದೀರಿ. ಎಂಟು ವರ್ಷದಿಂದ ಅದೇ ಮಾತು. ಆ ತಂಬಾಕಿನ ಮೂಟೆಗಳ ಮೇಲೆ ‘ಮೊಜಾಂಬಿಕ್ ಮಾಲು’ ಅಂತ ಸುಳ್ಳು ಮುದ್ರೆ ಒತ್ತೋನು ನಾನೇ. ಹಡಗು ತುಂಬಿ ಹೋಗ್ತದೆ. ಒಂದು ಮೂಟೆನೂ ವಾಪಸ್ ಬಂದಿಲ್ಲ.

ರೊಡೇಷ್ಯಾದ ಮಾಲು ಕೊಳ್ಳಬೇಡಿ ಅಂತ ನೀವು ಅಲ್ಲಿ ಮಾಡಿದ ಭಾಷಣ ಇಲ್ಲಿನ ಪೇಪರಲ್ಲಿ ಬಂತು, ಅಪ್ಪನ್ನ ಕೆಲಸದಿಂದ ತೆಗೆದ್ರು. ಅವನ ಬಿಳಿ ದೊರೆ ಏನಂದ ಗೊತ್ತಾ? “ನಿನ್ನ ತಮ್ಮ ನಮ್ಮನ್ನ ಉಪವಾಸ ಕೆಡವ್ತಾನಂತಲ್ಲೋ. ಮೊದಲು ನೀನು ಶುರು ಮಾಡು.”

ನಾಳೆ ಗಡಿಯ ನದಿ ದಾಟಿ, ಈ ಸರ್ಕಾರದ ಮೇಲೆ ಬಂದೂಕು ಹಿಡಿದೋರನ್ನ ಸೇರ್ತೀನಿ. ಇದನ್ನ ಪಾದ್ರಿ ಕೈಲಿ ಕಳಿಸ್ತಿದೀನಿ. ನಾನು ಓದೋಕೆ ನಿಮ್ಮ ಹತ್ರ ಬಂದಿದೀನಿ ಅಂತ ಅವ್ವನಿಗೆ ಬರೀರಿ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಾನು, ಆದ್ರೂ ನಂಬ್ತಾಳೆ. ನಿಮ್ಮ ಮಾತು ಇನ್ನೂ ನಂಬೋಳು ಅವಳೊಬ್ಬಳೇ.

ನಿಮ್ಮಣ್ಣನ ಮಗ,
ಗರಿಕಾಯಿ