ಸಂಘದ ಹಾಲ್‌ನಲ್ಲಿ ತುಟಿಮಾತು

ಮಾರ್ಚ್ 3, ಸೋಮವಾರ

ಎಂದಿನಂತೆ ಹಾಲ್ ಬೀಗ ತೆಗೆದೆ, ಗುಡಿಸಿದೆ. ಮೂಲೆಯ ಹೆಂಚು ಮತ್ತೆ ಜಾರಿದೆ. ಸಂಜೆ ಹಾಡಿನ ರಿಹರ್ಸಲ್. ಮಗ್ಗದ ಸಾಲಿನ ಗೆಳತಿ ಗುಂಡಕ್ಕನ ಶ್ರುತಿ ಒಂದು ಕಡೆ, ನಮ್ಮೆಲ್ಲರದ್ದು ಒಂದು ಕಡೆ. ಹೇಳಿದರೆ ಮುಖ ಊದಿಸಿಕೊಳ್ಳುತ್ತಾಳೆ. ಮಗ್ಗದ ಗದ್ದಲಕ್ಕೆ ಕಿವಿ ಕೊಟ್ಟವರ ಹಾಡು ಇನ್ನು ಹೇಗಿದ್ದೀತು!

ನಮ್ಮ ಬಟ್ಟೆ ಮಿಲ್ಲು ಮುಚ್ಚಿತು, ಕಾರ್ಮಿಕ ಸಂಘದ ಈ ಹಾಲ್ ಉಳಿಯಿತು. ನನ್ನ ಮದುವೆ ಇಲ್ಲೇ. ಮುಷ್ಕರದಲ್ಲಿ ಎಲ್ಲರ ಅಡುಗೆ ಇಲ್ಲೇ. ನಮ್ಮವರು ಹೋದಾಗ ಸಂತಾಪ ಸಭೆಯೂ ಇಲ್ಲೇ.

ಭಾನುವಾರ ಮೀಟಿಂಗ್. ಹಾಲನ್ನು ಬಿಲ್ಡರ್‌ಗೆ ಮಾರಬೇಕೋ ಬೇಡವೋ — ಕೈ ಎತ್ತಿ ತೀರ್ಮಾನ. ಸೆಕ್ರೆಟರಿ ನನ್ನ ಮೈದುನನೇ. ನೀವೆಲ್ಲ ಹೇಳಿದ ಹಾಗೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾನೆ.

ಮಾರ್ಚ್ 5

ವೇದಿಕೆಯ ಪರದೆ ಒಗೆಯಲೆಂದು ಇಳಿಸುತ್ತಿದ್ದೆ. ಕಿಟಕಿ ಗಾಜಿನಾಚೆ, ಗೇಟಿನ ಹತ್ತಿರ, ಮೈದುನ ಮತ್ತು ಬಿಲ್ಡರ್. ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇಲ್ಲ. ಮಗ್ಗದ ಸಾಲಿನಲ್ಲಿ ಕಿವಿಗೇ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಮಾತಾಡಿಕೊಂಡವರು ನಾವು. ಅತ್ತೆಯ ಮೇಲಿನ ದೂರಿನಿಂದ ಹಿಡಿದು ಬಸಿರಿನ ಸುದ್ದಿಯವರೆಗೆ ಎಲ್ಲ ತುಟಿಮಾತು.

ಮೈದುನನ ತುಟಿ ಹೇಳಿತು: "ಸಹಿ ಆಗಿಹೋಗಿದೆ ಸಾರ್. ಭಾನುವಾರದ್ದು ಸುಮ್ನೆ ಶಾಸ್ತ್ರಕ್ಕೆ."

ಅವನು ಮಿಲ್ಲಿನ ಆಫೀಸಿನಲ್ಲಿದ್ದವನು, ಮಗ್ಗದ ಕಡೆ ತಲೆ ಹಾಕಿದವನಲ್ಲ; ತುಟಿಮಾತು ಅವನ ನೆನಪಿಗೂ ಬಂದಿರಲಿಕ್ಕಿಲ್ಲ. ನನ್ನನ್ನು ಕಂಡು ಕೈ ಬೀಸಿದ. ನಾನೂ ಬೀಸಿದೆ.

ಮಾರ್ಚ್ 6

ಮೈದುನನಿಗೆ ಬಡಿಸುತ್ತಾ ಕೇಳಿಯೇಬಿಟ್ಟೆ. ತುತ್ತು ಅರ್ಧದಲ್ಲೇ ನಿಂತಿತು. ಆಮೇಲೆ ಅಳು... ಸೂರು ಯಾವತ್ತು ಯಾರ ತಲೆ ಮೇಲೆ ಬೀಳುತ್ತದೋ, ರಿಪೇರಿ ಅಂದರೆ ಎಲ್ಲರೂ ಜಾರಿಕೊಳ್ಳುತ್ತಾರೆ, ಮಾರಿದರೆ ಮಿಲ್ಲಿನ ಧೂಳಿಗೆ ಎದೆರೋಗ ಹಿಡಿದು ಕೂತವರಿಗೆ ಔಷಧಿಯಾದರೂ ಆಗುತ್ತದೆ ಎಂದುಕೊಂಡನಂತೆ. ತನಗೆ ಬಿಡಿಕಾಸೂ ಬೇಡವಂತೆ. ನಂಬಿದೆ. ಅದೇ ಕಷ್ಟ. ಕಳ್ಳನಾಗಿದ್ದರೆ ಕೆನ್ನೆಗೆ ಬಾರಿಸಿ ಹಗುರಾಗುತ್ತಿದ್ದೆ.

"ಕೇಳದೆ ಸಹಿ ಹಾಕಿದ್ದು ತಪ್ಪೇ ಅತ್ತಿಗೆ. ಆದ್ರೆ ಈಗ ಸಭೆಯವರು ಮಾರೋದು ಬೇಡ ಅಂದ್ರೆ ಬಿಲ್ಡರ್ ಕೇಸ್ ಹಾಕ್ತಾನೆ, ನಾನು ಒಳಗೆ ಹೋಗ್ತೀನಿ. ಯಾರಿಗೂ ಹೇಳಬೇಡಿ."

ಅತ್ತೆ ಸಾಯುವಾಗ ಇವನನ್ನು ನನ್ನ ಮಡಿಲಿಗೆ ಹಾಕಿ ಹೋದರು. ಜ್ವರ ಬಂದರೆ ರಾತ್ರಿಯಿಡೀ ನನ್ನ ಕೈ ಬಿಡುತ್ತಿರಲಿಲ್ಲ. ಆಯ್ತು ಕಣೋ ಎಂದೆ. ಮಾತು ಕೊಟ್ಟಾಯಿತು.

ಮಾರ್ಚ್ 8

ರಿಹರ್ಸಲ್‌ಗೆ ಹೋಗಲಿಲ್ಲ. ತಲೆನೋವೆಂದೆ. ಗುಂಡಕ್ಕ ಮಾತ್ರೆ ಹಿಡಿದುಕೊಂಡು ಮನೆಗೇ ಬಂದಳು. ಮುಖ ನೋಡಲಾಗದೆ ಗೋಡೆ ಕಡೆ ತಿರುಗಿ ಮಲಗಿದೆ. ನಾಟಕ ಸಾಕು, ನಾಳೆ ಮುಂದಿನ ಸಾಲಲ್ಲಿ ಕೂರೋಣ ಎಂದು ಬೈದು ಹೋದಳು.

ಮಾರ್ಚ್ 9, ಭಾನುವಾರ — ಸಂಜೆ

ಹಾಲ್ ತುಂಬಿತ್ತು. ಗುಂಡಕ್ಕ ತಡವಾಗಿ ಬಂದು ಕೊನೆಯ ಸಾಲಿನಲ್ಲಿ ಕೂತಳು. ನಾನು ನೀರಿನ ಲೋಟ ಇಟ್ಟು ವೇದಿಕೆಯ ಕೆಳಗೆ ನಿಂತೆ, ಜನರಿಗೆ ಎದುರಾಗಿ. ನನ್ನ ಬೆನ್ನ ಹಿಂದೆ ವೇದಿಕೆಯ ಮೇಲೆ ಮೈದುನ ಮೈಕಿನಲ್ಲಿ ಓದುತ್ತಿದ್ದ. ಗುಂಡಕ್ಕ ಅಲ್ಲಿಂದಲೇ ತುಟಿಯಲ್ಲಿ ಕೇಳಿದಳು, ಯಾಕೆ ಮುಖ ಹೀಗೆ ಅಂತ. ನಾನೂ ತುಟಿಯಲ್ಲೇ... ಹಳೇ ಚಾಳಿ.

ಸಹಿ ಆಗಿಹೋಗಿದೆ ಕಣೆ, ಇದೆಲ್ಲ ಶಾಸ್ತ್ರಕ್ಕೆ.

ಅಷ್ಟೇ. ಅವಳೊಬ್ಬಳಿಗೆ ಹೇಳಿದ್ದು.

ಸಾಲುಸಾಲಾಗಿ ಮುಖಗಳ ಬಣ್ಣ ಬದಲಾಯಿತು. ಅಯ್ಯೋ ದೇವರೇ. ಹಾಲ್ ತುಂಬ ಇದ್ದವರು ಮಗ್ಗದವರೇ!

ಅವನಿಗೇನೂ ಗೊತ್ತಾಗಲಿಲ್ಲ. ಓದಿ ಮುಗಿಸಿ, ಒಪ್ಪುವವರು ಕೈ ಎತ್ತಿ ಎಂದ. ಒಂದು ಕೈಯೂ ಮೇಲೇಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮೈಕ್ ತಟ್ಟಿ ನೋಡಿ ಮತ್ತೆ ಕೇಳಿದ. ಮಗ್ಗ ರಿಪೇರಿ ಮಾಡುತ್ತಿದ್ದ ಫಿಟ್ಟರ್ ಮಾವ ಎದ್ದು, ಸಹಿ ಹಾಕಿದ ಮೇಲೆ ನಮ್ಮ ಕೈ ಯಾಕಪ್ಪಾ ಬೇಕು ಎಂದರು.

ಮಾರ್ಚ್ 10

ಬೆಳಿಗ್ಗೆ ಮೈದುನ ಕೇಳಿದ, ಯಾರು ಹೇಳಿದ್ದೆಂದು. ನಾನೇ ಎಂದೆ. ಗುಂಡಕ್ಕ ಕೇಳಿದ್ದು, ನಾನು ಮೈಮರೆತು ಹೇಳಿದ್ದು, ಎಲ್ಲ ಬಿಡಿಸಿ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮುಂದೆ ಕೂತವರೆಲ್ಲ ಯಾರು ಅನ್ನೋದು ನಿಮಗೆ ಮರೆತುಹೋಯ್ತಾ ಅತ್ತಿಗೆ?"

ಬ್ಯಾಗ್ ತೆಗೆದುಕೊಂಡು ಹೊರಟ. ತಿಂಡಿ ಹಾಗೇ ಉಳಿಯಿತು.

ಮಾರ್ಚ್ 17

ಮಾರಾಟ ಮುರಿದುಬಿತ್ತೆಂದು ಬಿಲ್ಡರ್ ದೂರು ಕೊಟ್ಟ. ಮೈದುನನನ್ನು ಪೊಲೀಸರು ಕರೆದೊಯ್ದರು. ನೋಡಲು ಠಾಣೆಗೆ ಹೋದೆ. ಹೊರಗೆ ಬರಲಿಲ್ಲ, ಯಾರನ್ನೂ ನೋಡುವುದಿಲ್ಲ ಎಂದನಂತೆ.

ಹಾಲ್ ಮಾತ್ರ ಗಿಜಿಗಿಜಿ. ರಿಪೇರಿಗೆಂದು ಸೂರಿನ ಮೇಲೆ ಹತ್ತುವವರಲ್ಲೇ ಪೈಪೋಟಿ. ಸಿಕ್ಕವರೆಲ್ಲ ನನ್ನ ಬೆನ್ನು ತಟ್ಟುತ್ತಾರೆ. ಎಂಥ ಉಪಾಯ ಮಾಡಿದೆ, ಮಾತೂ ಆಡಲಿಲ್ಲ, ಹಾಲನ್ನೂ ಉಳಿಸಿದೆ ಎಂದರು ಫಿಟ್ಟರ್ ಮಾವ. ಉಪಾಯವಲ್ಲ ಎಂದೆ. ನಕ್ಕರು. ಗುಂಡಕ್ಕ ಮಾತ್ರ ನಗಲಿಲ್ಲ.

ಮರೆತಿದ್ದೆ. ನಿಜವಾಗಿಯೂ ಮರೆತಿದ್ದೆ. ನಾನು ನೋಡುತ್ತಿದ್ದದ್ದು ಗುಂಡಕ್ಕನನ್ನು ಮಾತ್ರ. ನಡುವೆ ಕೂತವರ ಮುಖಗಳು ಕಾಣಿಸಲೇ ಇಲ್ಲ. ಕಾಣಿಸಿದ್ದರೂ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆನೋ ಇಲ್ಲವೋ—